ಬೆಟ್ಟಗಾಡಿನ ಏರ್‌ಸ್ಟ್ರಿಪ್‌ಗಳು ಮತ್ತು ಸಣ್ಣ ವಿಮಾನಗಳು: ಪುಣೆಯ ಸಹ್ಯಾದ್ರಿಯಿಂದ ಹಿಮಾಲಯದವರೆಗೆ

ರಸ್ತೆ ಕಷ್ಟಪಟ್ಟು ತಲುಪುವ, ರೈಲು ತಲುಪದೇ ಇರುವ ಕಣಿವೆ, ಬೆಟ್ಟದ ತಟ್ಟುಗಳಲ್ಲಿ ಸಣ್ಣ ವಿಮಾನಗಳು ಇಳಿಯಲೆಂದು ಹದಗೊಳಿಸಿದ ಕಿರಿದಾದ ನೆಲವೇ ಬೆಟ್ಟಗಾಡಿನ ಏರ್‌ಸ್ಟ್ರಿಪ್. ಇವುಗಳ ಉದ್ದ ಹೆಚ್ಚೆಂದರೆ ಒಂದು ಕಿಲೋಮೀಟರಿನ ಆಸುಪಾಸು. ಹಲವು ಕಡೆ ಅದೂ ಇಲ್ಲ. ಕಂಟ್ರೋಲ್ ಟವರ್, ರಾಡಾರ್, ಮೋಡದೊಳಗಿಂದ ದಾರಿ ತೋರಿಸಿ ಇಳಿಸುವ ರೇಡಿಯೊ ಸಲಕರಣೆ ಬಹುಪಾಲು ಇರುವುದಿಲ್ಲ. ಇಲ್ಲಿಗೆ ಬರುವ ವಿಮಾನಗಳಲ್ಲಿ 19 ಸೀಟಿನ ಟ್ವಿನ್ ಆಟರ್ ಮತ್ತು ಡಾರ್ನಿಯರ್ 228 ದೊಡ್ಡವು, ನಾಲ್ಕು ಸೀಟಿನ ಸೆಸ್ನಾ ಚಿಕ್ಕದು. ಬೆಟ್ಟದಲ್ಲಿ ವಿಮಾನ ಬೀಳುವುದಕ್ಕೆ ಎತ್ತರವೇ ಕಾರಣ ಎಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ದಾಖಲೆಗಳು ಹೇಳುವುದು ಬೇರೆ. ಎಂಟು ಸಾವಿರ ಮೀಟರಿನ ಶಿಖರಗಳ ನಡುವೆ ಆದ ಅಪಘಾತವನ್ನೂ ಸಾವಿರ ಮೀಟರಿನ ಗುಡ್ಡಕ್ಕೆ ಬಡಿದ ಅಪಘಾತವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡರಲ್ಲೂ ಕಾಣುವುದು ಒಂದೇ ಸಂಗತಿ: ಹಿಂದಕ್ಕೆ ತಿರುಗಲು ಜಾಗವೋ ಸಮಯವೋ ಮುಗಿದುಹೋದ ಮೇಲೆ ಪೈಲಟ್‌ಗೆ ಅಪಾಯ ಕಂಡಿತ್ತು.

ಈ ವಿಷಯವನ್ನು ನೋಡಲು ಪುಣೆ ಒಳ್ಳೆಯ ಜಾಗ. ಪಶ್ಚಿಮಕ್ಕೆ ಸಹ್ಯಾದ್ರಿ, ಊರೊಳಗೆ ದೇಶದ ಹವಾಮಾನ ವಿಜ್ಞಾನದ ಹಳೆಯ ಕಚೇರಿಗಳು, ಸುತ್ತ ವಾಯುಪಡೆಯ ಲೋಹಗಾಂವ್, ಗ್ಲೈಡರ್‌ಗಳ ಹಡಪ್ಸರ್, ತರಬೇತಿ ವಿಮಾನಗಳ ಬಾರಾಮತಿ. ಬೆಟ್ಟದ ಮೇಲೆ ಗಾಳಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಗಣಿತದಲ್ಲಿ ಬಿಡಿಸಿದವರೂ ಇಲ್ಲಿದ್ದರು, ಬೆಟ್ಟಕ್ಕೆ ಬಡಿದ ವಿಮಾನಗಳ ಅವಶೇಷಗಳೂ ಇದೇ ಜಿಲ್ಲೆಯ ಗುಡ್ಡಗಳಲ್ಲಿ ಸಿಕ್ಕಿವೆ.

ಸಹ್ಯಾದ್ರಿಯ ಮೋಸ

ಲೋಹಗಾಂವ್ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 592 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ನೆಲ ಮೆಲ್ಲಗೆ ಏರುತ್ತದೆ. ಮಾವಳ, ಮುಳಶಿಯ ಕಣಿವೆಗಳು, ಅವುಗಳ ನಡುವೆ ಕೈಚಾಚಿದಂತೆ ಪೂರ್ವಕ್ಕೆ ಬಂದ ಏಣುಗಳು, ಕೊನೆಗೆ ಘಾಟಿನ ಅಂಚು. ಅದರಾಚೆ ಕೊಂಕಣಕ್ಕೆ ನೇರ ಇಳಿಜಾರು. ತೋರಣಾ ಕೋಟೆ 1,403 ಮೀಟರ್, ಸಿಂಹಗಡ ಸುಮಾರು 1,300, ಉತ್ತರದಲ್ಲಿ ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿ 1,646. ಹಿಮಾಲಯದ ಲೆಕ್ಕದಲ್ಲಿ ಇವು ಗುಡ್ಡಗಳಷ್ಟೇ. ಯಾವ ಸೆಸ್ನಾ ಬೇಕಾದರೂ ಇವನ್ನು ದಾಟಿ ಹಾರಬಲ್ಲದು. ಅಪಾಯ ಶುರುವಾಗುವುದೇ ಈ ಸಲೀಸಿನಲ್ಲಿ. ಹಿಮಾಲಯಕ್ಕೆ ಹೋಗುವವನು ಬೆಟ್ಟಕ್ಕೆ ಹೆದರಿಯೇ ಹೊರಡುತ್ತಾನೆ, ಮುಂಬಯಿಯಿಂದ ಪುಣೆಗೆ ಹೊರಟವನಿಗೆ ತಾನು ಬೆಟ್ಟ ದಾಟುತ್ತಿದ್ದೇನೆ ಎಂಬ ಭಾವನೆಯೇ ಇರುವುದಿಲ್ಲ.

1962ರ ಜುಲೈ 7ರ ರಾತ್ರಿ ಈ ಮೋಸ ದೊಡ್ಡ ಬೆಲೆ ತೆಗೆದುಕೊಂಡಿತು. ಬ್ಯಾಂಕಾಕ್‌ನಿಂದ ಮುಂಬಯಿಗೆ ಬರುತ್ತಿದ್ದ ಆಲಿಟಾಲಿಯಾ ಕಂಪನಿಯ 771ನೇ ಸಂಖ್ಯೆಯ ವಿಮಾನ ಪುಣೆ ಜಿಲ್ಲೆಯ ಜುನ್ನರ್ ಬಳಿಯ ಗುಡ್ಡಕ್ಕೆ ಸುಮಾರು 3,600 ಅಡಿ ಎತ್ತರದಲ್ಲಿ ಬಡಿಯಿತು. ಒಳಗಿದ್ದ 94 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅದು ಸಣ್ಣ ವಿಮಾನವಲ್ಲ, ಆ ಕಾಲದ ದೊಡ್ಡ ಜೆಟ್, ಡಿಸಿ-8. ಎಂಜಿನ್ ಕೆಟ್ಟಿರಲಿಲ್ಲ. ಮುಂಬಯಿ ಇನ್ನೂ 80 ಕಿಲೋಮೀಟರಿಗೂ ಹೆಚ್ಚು ದೂರವಿದ್ದಾಗ ಹತ್ತಿರ ಬಂದೆವೆಂದು ತಪ್ಪು ಎಣಿಸಿ ಬೇಗನೆ ಇಳಿಯಲು ಶುರುಮಾಡಿದ್ದರು. ಕತ್ತಲೆ ಮತ್ತು ಮಳೆಗಾಲದ ಮೋಡ ಗುಡ್ಡವನ್ನು ಮುಚ್ಚಿದ್ದವು. ಸುಸ್ಥಿತಿಯ ವಿಮಾನ ಪೈಲಟ್‌ನ ಹತೋಟಿಯಲ್ಲೇ ಇದ್ದು, ಅವನ ಅರಿವಿಗೆ ಬಾರದೆ ನೆಲಕ್ಕೆ ಬಡಿಯುವ ಇಂಥ ಅಪಘಾತಗಳನ್ನು ತನಿಖಾಧಿಕಾರಿಗಳು ಪ್ರತ್ಯೇಕ ವರ್ಗವಾಗಿಯೇ ಎಣಿಸುತ್ತಾರೆ. ಬೆಟ್ಟದ ಸಾವುಗಳಲ್ಲಿ ಈ ವರ್ಗದ್ದು ದೊಡ್ಡ ಪಾಲು.

ಘಾಟಿನ ಅಂಚಿನಲ್ಲಿ ಏರ್‌ಸ್ಟ್ರಿಪ್ ಇಲ್ಲವೆಂದಲ್ಲ. ಲೋಣಾವಳದ ದಕ್ಷಿಣಕ್ಕೆ ಸಹಾರಾ ಸಮೂಹ ಬೆಟ್ಟದ ಮೇಲೆ ಕಟ್ಟಿದ ಆ್ಯಂಬಿ ವ್ಯಾಲಿಗೆ ಅದರದೇ ಖಾಸಗಿ ರನ್‌ವೇ ಇದೆ. ಕರಾಡ, ಕೊಲ್ಹಾಪುರ, ಬೆಳಗಾವಿಯ ಸಾಂಬ್ರಾ, ಈಚಿನ ಶಿವಮೊಗ್ಗ ಎಲ್ಲವೂ ಇದೇ ಬೆಟ್ಟಸಾಲಿನ ಪೂರ್ವ ಮಗ್ಗುಲಿನ ನಿಲ್ದಾಣಗಳು. ಕಣಿವೆಯೊಳಗೆ ಸಿಕ್ಕಿಕೊಂಡವಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಘಾಟಿನ ಮೋಡ ಅವುಗಳನ್ನೂ ಬಿಡುವುದಿಲ್ಲ.

ಗಾಳಿಯ ಅಲೆ

ಹರಿಯುವ ಹಳ್ಳದಲ್ಲಿ ಮುಳುಗಿದ ಬಂಡೆಯ ಮೇಲಿಂದ ನೀರು ಹಾಯ್ದು, ಬಂಡೆ ದಾಟಿದ ಮೇಲೂ ಏರುತ್ತ ಇಳಿಯುತ್ತ ಸಾಗುವಂತೆ, ಬೆಟ್ಟ ದಾಟಿದ ಗಾಳಿಯೂ ಅದರ ಮರೆಯಲ್ಲಿ ಮೈಲಿಗಟ್ಟಲೆ ಅಲೆಯಾಗಿ ಹರಿಯುತ್ತದೆ. ಇದನ್ನು ಪರ್ವತದ ಅಲೆ ಎನ್ನುತ್ತಾರೆ. ಏಣಿಗೆ ಅಡ್ಡವಾಗಿ ಬಲವಾದ ಗಾಳಿ ಬೀಸಬೇಕು, ಮೇಲೇರಿದಷ್ಟೂ ಗಾಳಿಯ ವೇಗ ಹೆಚ್ಚಬೇಕು, ವಾತಾವರಣ ಸ್ಥಿರವಾಗಿರಬೇಕು. ಆಗ ಅಲೆಯ ಏರುಭಾಗ ವಿಮಾನವನ್ನು ಸುಮ್ಮನೆ ಮೇಲೆತ್ತುತ್ತದೆ, ಇಳಿಭಾಗ ಅಷ್ಟೇ ಸುಮ್ಮನೆ ಕೆಳಕ್ಕೆ ಒಯ್ಯುತ್ತದೆ. ಅಲೆಯ ತಲೆಯಲ್ಲಿ ಮಸೂರಾಕಾರದ ಮೋಡ ನಿಂತಲ್ಲೇ ನಿಂತಂತೆ ಕಾಣುವುದುಂಟು. ಅದರ ಕೆಳಗೆ, ಬೆಟ್ಟದ ಮಟ್ಟದಲ್ಲೇ, ಗಾಳಿ ಸುರುಳಿ ಸುತ್ತುವ ಜಾಗವಿದೆ. ಪೈಲಟ್‌ಗಳು ಅದನ್ನು ರೋಟರ್ ಎನ್ನುತ್ತಾರೆ. ಸಣ್ಣ ವಿಮಾನದ ರೆಕ್ಕೆಗೆ ಅತ್ಯಂತ ಒರಟು ಗಾಳಿ ಅಲ್ಲಿಯದು.

ನೈರುತ್ಯ ಮಾನ್ಸೂನಿನ ಪಡುವಣ ಗಾಳಿ ಸಹ್ಯಾದ್ರಿಗೆ ಹೆಚ್ಚುಕಡಿಮೆ ಲಂಬವಾಗಿ ಬಡಿಯುತ್ತದೆ. ಅದು ಅತಿ ಬಲವಾಗಿರುವುದು ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ, ಅಂದರೆ ಘಾಟಿನ ತಲೆಯ ಮಟ್ಟದಲ್ಲೇ, ಸಣ್ಣ ವಿಮಾನಗಳು ಹಾರುವ ಮಟ್ಟದಲ್ಲೇ. ಲೋಣಾವಳದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ, ಅಲ್ಲಿಂದ ಅರುವತ್ತು ಕಿಲೋಮೀಟರಿನೊಳಗಿನ ಪುಣೆಯಲ್ಲಿ ಏಳುನೂರರ ಸುಮಾರು. ಈ ಅಜಗಜಾಂತರ ಗಾಳಿಯ ಏರಿಳಿತದ್ದೇ ಲಿಖಿತ ಸಾಕ್ಷಿ. ಮುಂಬಯಿ–ಪುಣೆ ಸೀಳುನಕ್ಷೆಯನ್ನು ಇಟ್ಟುಕೊಂಡು ಬೆಟ್ಟ ಎಷ್ಟು ಗಾಳಿಯನ್ನು ಮೇಲೆತ್ತುತ್ತದೆ, ಎಲ್ಲಿ ಮಳೆ ಸುರಿಸುತ್ತದೆ ಎಂದು ಸಮೀಕರಣಗಳಲ್ಲಿ ಬಿಡಿಸಿದವರು ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ಆರ್.ಪಿ. ಸರ್ಕಾರ್. ಅವರ ಪ್ರಬಂಧ 1966ರಲ್ಲಿ ಅಮೆರಿಕದ ‘ಮಂತ್ಲಿ ವೆದರ್ ರಿವ್ಯೂ’ ಪತ್ರಿಕೆಯಲ್ಲಿ ಬಂತು. ಸಂಸ್ಥೆ ಹುಟ್ಟಿದ್ದು 1962ರಲ್ಲಿ, ಜುನ್ನರ್ ಅಪಘಾತದ ವರ್ಷದಲ್ಲೇ. ಅದಕ್ಕೆ ಮುಂಚೆ, 1928ರಲ್ಲಿ, ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಶಿಮ್ಲಾದಿಂದ ಪುಣೆಗೆ ಬಂದಿತ್ತು. ಶಿವಾಜಿನಗರದ ಆ ಕಟ್ಟಡವನ್ನು ಊರಿನವರು ಇಂದಿಗೂ ‘ಶಿಮ್ಲಾ ಆಫೀಸ್’ ಎಂದೇ ಕರೆಯುತ್ತಾರೆ.

ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮೋಡವನ್ನು ನೆಲದಿಂದ ನೋಡಿ ಸುಮ್ಮನಾಗಲಿಲ್ಲ. 1973ರಿಂದ 1986ರ ನಡುವೆ ಹನ್ನೊಂದು ಮಳೆಗಾಲಗಳಲ್ಲಿ ಬಾರಾಮತಿ ಸೀಮೆಯ ಮೋಡಗಳಿಗೆ ಡಕೋಟಾ ವಿಮಾನದಿಂದ ಉಪ್ಪಿನ ಪುಡಿ ಬಿತ್ತಿ ಮಳೆ ಹೆಚ್ಚುವುದೇ ಎಂದು ಪರೀಕ್ಷಿಸಿದರು. 2009ರಲ್ಲಿ ಸಂಸ್ಥೆ ‘ಕೈಪೀಕ್ಸ್’ ಎಂಬ ಪ್ರಯೋಗ ಆರಂಭಿಸಿತು. ಎರಡು ಎಂಜಿನ್ನಿನ ಸಣ್ಣ ವಿಮಾನಕ್ಕೆ ಅಳತೆಯ ಸಲಕರಣೆ ಕಟ್ಟಿಕೊಂಡು ಸಹ್ಯಾದ್ರಿಯ ಮಳೆನೆರಳಿನ ಮೋಡಗಳೊಳಗೆ ಹೊಕ್ಕರು. ಮಿಕ್ಕ ಪೈಲಟ್‌ಗಳು ದೂರವಿಡುವ ಜಾಗಕ್ಕೆ ಬೇಕೆಂದೇ ಹೋಗುವ ಕೆಲಸ ಇದು. ಹಾಗೆ ತಂದ ಅಳತೆಗಳಿಂದಲೇ ಘಾಟಿನ ಮೋಡದ ಒಳಗಿನ ಏರುಗಾಳಿ, ಹನಿಗಳ ಗಾತ್ರ ಅಂಕಿಯಲ್ಲಿ ಗೊತ್ತಾಗಿದ್ದು.

ಇಷ್ಟೆಲ್ಲದರಿಂದ ಪೈಲಟ್‌ಗೆ ಸಿಗುವ ಪಾಠ ಸರಳ. ಪುಣೆಯಿಂದ ಪಶ್ಚಿಮಕ್ಕೆ ಹೋಗುವಾಗ ಅವನು ಗಾಳಿಗೆ ಎದುರಾಗಿ, ಬೆಟ್ಟದ ಮರೆಯಲ್ಲಿ, ಇಳಿಗಾಳಿಯೊಳಗೆ ಹಾರುತ್ತಿರುತ್ತಾನೆ. ಪೂರ್ತಿ ತುಂಬಿದ ನಾಲ್ಕು ಸೀಟಿನ ವಿಮಾನ ನಿಮಿಷಕ್ಕೆ ಐನೂರು ಅಡಿ ಏರಬಹುದು. ಅದನ್ನು ಹೊತ್ತ ಗಾಳಿಯೇ ನಿಮಿಷಕ್ಕೆ ಸಾವಿರ ಅಡಿ ಇಳಿಯುತ್ತಿದ್ದರೆ, ಮೂತಿ ಮೇಲಕ್ಕಿದ್ದರೂ ವಿಮಾನ ಕೆಳಕ್ಕೇ ಹೋಗುತ್ತದೆ. ಮುಂದೆ ಏಣು ಹತ್ತಿರವಾಗುತ್ತಿರುತ್ತದೆ. ಅದಕ್ಕಾಗಿಯೇ ಏಣನ್ನು ನೇರವಾಗಿ ಅಲ್ಲ, 45 ಡಿಗ್ರಿ ಓರೆಯಲ್ಲಿ ಸಮೀಪಿಸಬೇಕೆಂದು ಕಲಿಸುತ್ತಾರೆ. ಎತ್ತರ ಸಾಲದೆನಿಸಿದರೆ ಅರ್ಧ ತಿರುವಿನಲ್ಲಿ ತಪ್ಪಿಸಿಕೊಳ್ಳಬಹುದು. ಏಣಿನ ಮೇಲೆ ಕನಿಷ್ಠ ಸಾವಿರ, ಗಾಳಿ ಜೋರಿದ್ದರೆ ಎರಡು ಸಾವಿರ ಅಡಿ ಉಳಿಸಿಕೊಳ್ಳಬೇಕು. ಹಡಪ್ಸರಿನ ಗ್ಲೈಡರ್ ಪೈಲಟ್‌ಗಳು ಏರುವ ಗಾಳಿಯನ್ನು ಓದಿ ಎಂಜಿನ್ ಇಲ್ಲದೆ ಗಂಟೆಗಟ್ಟಲೆ ಮೇಲಿರುತ್ತಾರೆ. ಗ್ಲೈಡರಿನಲ್ಲಿ ಕಲಿತವರು ಬೆಟ್ಟದಲ್ಲಿ ಒಳ್ಳೆಯ ಪೈಲಟ್‌ಗಳಾಗುತ್ತಾರೆ ಎಂಬ ಮಾತಿನಲ್ಲಿ ಹುರುಳಿದೆ.

ತೆಳುಗಾಳಿಯ ಲೆಕ್ಕ

ರೆಕ್ಕೆಗೂ ಎಂಜಿನ್ನಿಗೂ ಪ್ರೊಪೆಲ್ಲರಿಗೂ ಬೇಕಾದುದು ಗಾಳಿಯ ಸಾಂದ್ರತೆ. ಎತ್ತರ ಏರಿದರೆ ಅದು ಕಡಿಮೆಯಾಗುತ್ತದೆ, ಬಿಸಿಲು ಏರಿದರೂ ಕಡಿಮೆಯಾಗುತ್ತದೆ. ಎರಡನ್ನೂ ಸೇರಿಸಿ, ಈ ಗಾಳಿ ಪ್ರಮಾಣಿತ ವಾತಾವರಣದಲ್ಲಿ ಯಾವ ಎತ್ತರದ ಗಾಳಿಗೆ ಸಮ ಎಂದು ಲೆಕ್ಕ ಹಾಕಿದರೆ ಬರುವುದು ಸಾಂದ್ರತಾ ಎತ್ತರ. 592 ಮೀಟರಿನ ಲೋಹಗಾಂವಿನಲ್ಲಿ ಬೇಸಿಗೆಯ ಮಧ್ಯಾಹ್ನ ತಾಪಮಾನ 40 ಡಿಗ್ರಿ ಮುಟ್ಟಿದಾಗ ಈ ಲೆಕ್ಕ ಸುಮಾರು 1,640 ಮೀಟರ್ ಎಂದು ಬರುತ್ತದೆ. ಅಂದರೆ ರನ್‌ವೇ ಮೇಲೆ ನಿಂತ ವಿಮಾನ ಕಳಸೂಬಾಯಿಯ ತುದಿಯಲ್ಲಿ ನಿಂತಂತೆ ವರ್ತಿಸುತ್ತದೆ. ಇನ್ನೂ ಚಕ್ರ ನೆಲ ಬಿಟ್ಟಿಲ್ಲ.

3,256 ಮೀಟರಿನ ಲೇಹದಲ್ಲಿ ಜುಲೈ ಮಧ್ಯಾಹ್ನದ 25 ಡಿಗ್ರಿಯಲ್ಲಿ ಅದು ಸುಮಾರು 4,400 ಮೀಟರ್. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ವೇಗಮಾಪಕ ತೋರಿಸುವ ವೇಗ ಅದೇ ಇದ್ದರೂ ವಿಮಾನ ನಿಜಕ್ಕೂ ಸುಮಾರು ಕಾಲುಭಾಗ ಹೆಚ್ಚು ವೇಗದಲ್ಲಿ ನೆಲ ಮುಟ್ಟುತ್ತದೆ. ಬ್ರೇಕು ಹೀರಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಅದು ಒಂದೂವರೆ ಪಟ್ಟು. ಟರ್ಬೊ ಇಲ್ಲದ ಪಿಸ್ಟನ್ ಎಂಜಿನ್ ಶಕ್ತಿ ಅರ್ಧಕ್ಕೆ ಹತ್ತಿರವಾಗುತ್ತದೆ. ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಹಾರಿಸಿ, ಮುಂದೆ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಲ್ಲ ಕೊಟ್ಟ ಪುಷ್ಪಕ್ ವಿಮಾನಕ್ಕಿದ್ದುದು 90 ಅಶ್ವಶಕ್ತಿ. ಜಕ್ಕೂರಿನ ಎತ್ತರದಲ್ಲೇ ಅದರಲ್ಲಿ ಹತ್ತನೇ ಒಂದು ಪಾಲು ಮಾಯ. ಅಂಥ ಎಂಜಿನ್ ಹೊತ್ತು ಹಿಮಾಲಯದ ಕಡೆ ನೋಡುವಂತೆಯೇ ಇಲ್ಲ.

ಲೇಹದ ಮೊದಲ ಇಳಿತಕ್ಕೆ ಕನ್ನಡನಾಡಿನ ನಂಟಿದೆ. ಕಾಶ್ಮೀರ ಯುದ್ಧದ ನಡುವೆ, 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಶ್ರೀನಗರದಿಂದ ಜೊಜಿ ಲಾ, ಫೋಟು ಲಾ ಕಣಿವೆದಾರಿಗಳ ಮೇಲಿಂದ ಲೇಹಕ್ಕೆ ತಂದರು. ಎಂಜಿನಿಯರ್ ಸೋನಮ್ ನೊರ್ಬು ಊರವರನ್ನು ಕಟ್ಟಿಕೊಂಡು ಸಿಂಧೂ ನದಿಯ ಬಳಿ ಮರಳುನೆಲವನ್ನು ಹದಗೊಳಿಸಿದ್ದರು. ವಿಮಾನದೊಳಗೆ ಒತ್ತಡ ಕಾಪಾಡುವ ವ್ಯವಸ್ಥೆ ಇರಲಿಲ್ಲ, ದಾರಿಯ ನಕ್ಷೆಯೂ ಸರಿಯಾದದ್ದಿರಲಿಲ್ಲ. ಪ್ರಯಾಣಿಕರಾಗಿ ಜೊತೆಗಿದ್ದವರು ಮಡಿಕೇರಿಯ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಸೈನ್ಯವನ್ನು ವಿಮಾನದಲ್ಲಿ ಕಳುಹಿಸಬೇಕಾದ ಸೇನಾಧಿಪತಿ ಮೊದಲ ವಿಮಾನದಲ್ಲಿ ತಾನೇ ಕುಳಿತು ಹೋದದ್ದು ಆ ಸಾಹಸದ ತೂಕವನ್ನು ಹೇಳುತ್ತದೆ. ಆ ಇಳಿತ ಲೇಹವನ್ನು ಉಳಿಸಿತು. ಇವತ್ತಿಗೂ ಲೇಹದಲ್ಲಿ ಪ್ರಯಾಣಿಕ ವಿಮಾನಗಳ ಓಡಾಟದ ಬಹುಪಾಲು ಬೆಳಗಿನ ಹೊತ್ತಿನದು. ಮಧ್ಯಾಹ್ನ ಬಿಸಿಲು ಗಾಳಿಯನ್ನು ತೆಳುಮಾಡುತ್ತದೆ, ಕಣಿವೆಯ ಗಾಳಿ ಏಳುತ್ತದೆ.

ಅಷ್ಟು ಎತ್ತರದಲ್ಲಿ ತೆಳುಗಾಳಿ ಪೈಲಟ್‌ನ ಮೆದುಳಿಗೂ ತಟ್ಟುತ್ತದೆ. ಆಮ್ಲಜನಕ ಕಡಿಮೆಯಾದಾಗ ಮೊದಲು ಬರುವುದು ನೋವಲ್ಲ, ಹುರುಪು. ಎಲ್ಲ ಸರಿಯಿದೆ ಎಂದೇ ಅನಿಸುತ್ತಿರುತ್ತದೆ. ಬೆಂಗಳೂರಿನ ವಿಮಾನಪುರದಲ್ಲಿ 1957ರಿಂದ ಇರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಪೈಲಟ್‌ಗಳನ್ನು ಕಡಿಮೆ ಒತ್ತಡದ ಕೋಣೆಯಲ್ಲಿ ಕೂರಿಸಿ ಈ ಹುಸಿ ಹುರುಪನ್ನು ಗುರುತಿಸಲು ಕಲಿಸುತ್ತಾರೆ.

ಕಣಿವೆಯೊಳಗೆ

ಏರುತ್ತ ಹೋಗುವ ಕಣಿವೆ ಬೆಟ್ಟದಲ್ಲಿ ಅನೇಕರು ಸಿಕ್ಕಿಬೀಳುವ ಬಲೆ, ಆದ್ದರಿಂದ ಲೆಕ್ಕ ಹಾಕಿಯೇ ನೋಡಬೇಕು. 90 ನಾಟ್ ವೇಗದಲ್ಲಿ, ನಿಮಿಷಕ್ಕೆ 500 ಅಡಿ ಏರುವ ವಿಮಾನ ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ಸುಮಾರು 55 ಮೀಟರ್ ಮೇಲೇರುತ್ತದೆ. ಅದೇ ಒಂದು ಕಿಲೋಮೀಟರಿನಲ್ಲಿ ಕಣಿವೆಯ ತಳ 80 ಮೀಟರ್ ಏರಿದರೆ, ವಿಮಾನ ಏರುತ್ತಿದ್ದರೂ ನೆಲ ಹತ್ತಿರವಾಗುತ್ತಿದೆ ಎಂದಾಯಿತು. ಏರುವ ಕಣಿವೆಯಲ್ಲಿ ಕಣ್ಣಿಗೆ ದಿಗಂತ ಸಿಗುವುದಿಲ್ಲ. ತಳವೇ ಸಮತಟ್ಟೆಂದು ಕಣ್ಣು ನಂಬುತ್ತದೆ. ಅದಕ್ಕೆ ಸಮನಾಗಿ ಮೂತಿ ಹಿಡಿದರೆ ವೇಗ ತಾನಾಗಿ ಇಳಿಯುತ್ತದೆ.

ಆಗ ತಿರುಗಬೇಕು. ನೂರು ನಾಟ್ ವೇಗದಲ್ಲಿ 30 ಡಿಗ್ರಿ ಓರೆಯಾಗಿ ಹಿಂದಕ್ಕೆ ತಿರುಗಲು ಬೇಕಾದ ಅಗಲ ಸುಮಾರು 930 ಮೀಟರ್. ತೆಳುಗಾಳಿಯಲ್ಲಿ ನಿಜವಾದ ವೇಗ 125 ನಾಟ್ ಆದರೆ ಅದೇ ತಿರುವಿಗೆ 1,460 ಮೀಟರ್ ಬೇಕು. ಕಣಿವೆ ಅದಕ್ಕಿಂತ ಕಿರಿದಾಗಿದ್ದರೆ ಓರೆಯನ್ನು ಹೆಚ್ಚಿಸಬೇಕಾಗುತ್ತದೆ. ಓರೆ ಹೆಚ್ಚಿದಷ್ಟೂ ರೆಕ್ಕೆ ಹೊರಬೇಕಾದ ಭಾರ ಹೆಚ್ಚಿ, ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ, ವೇಗವೂ ಮೇಲೇರುತ್ತದೆ. ವೇಗ ಮೊದಲೇ ಇಳಿದಿದೆ. ಕಿರಿದಾದ ಕಣಿವೆಯಲ್ಲಿ ಸಿಕ್ಕ ಸಣ್ಣ ವಿಮಾನಗಳು ಬೆಟ್ಟಕ್ಕೆ ಎದುರಾಗಿ ಬಡಿಯುವುದಕ್ಕಿಂತ ಹೆಚ್ಚಾಗಿ, ತಿರುಗಲು ಹೋಗಿ ಸ್ಟಾಲ್ ಆಗಿ ಬೀಳುವುದು ಇದೇ ಕಾರಣಕ್ಕೆ. ಕಣಿವೆಯ ನಡುವೆ ಹಾರದೆ ಒಂದು ಪಕ್ಕಕ್ಕೆ, ಅದರಲ್ಲೂ ಗಾಳಿ ಮೇಲೇರುವ ಪಕ್ಕಕ್ಕೆ, ಅಂಟಿಕೊಂಡು ಹಾರಬೇಕು ಎಂಬ ನಿಯಮ ಹುಟ್ಟಿದ್ದು ಇಲ್ಲಿಂದ. ಆಗ ತಿರುವಿಗೆ ಕಣಿವೆಯ ಪೂರ್ತಿ ಅಗಲ ಸಿಗುತ್ತದೆ. ಕಣಿವೆ ಬಾಯಿಯಿಂದ ಏರುತ್ತ ಹೋಗುವುದಕ್ಕಿಂತ ಎತ್ತರದಿಂದ ಒಳಗಿಳಿದು ಬರುವುದು ಒಳ್ಳೆಯದು ಎನ್ನುವುದೂ ಇದರ ಮುಂದುವರಿಕೆಯೇ.

ಓರೆಯಾದ ರನ್‌ವೇ

ನೇಪಾಳದ ಲುಕ್ಲಾ ಈ ವಿಷಯದ ಪಠ್ಯಪುಸ್ತಕ. ಎಡ್ಮಂಡ್ ಹಿಲರಿಯ ಮುಂದಾಳತ್ವದಲ್ಲಿ 1964ರಲ್ಲಿ ಶೆರ್ಪಾಗಳು ಕಟ್ಟಿದ ಆ ರನ್‌ವೇ ಈಗ 527 ಮೀಟರ್ ಉದ್ದ. ಇಳಿಜಾರು ಶೇಕಡಾ 11.7, ಅಂದರೆ ಒಂದು ತುದಿಗಿಂತ ಇನ್ನೊಂದು ತುದಿ ಅರುವತ್ತು ಮೀಟರ್ ಮೇಲೆ. ಇಳಿಯುವುದು ಏರುಮುಖವಾಗಿ, ಹಾರುವುದು ಇಳಿಮುಖವಾಗಿ. ಗಾಳಿ ಯಾವ ಕಡೆಯಿಂದ ಬೀಸಿದರೂ ಇದು ಬದಲಾಗುವುದಿಲ್ಲ. ಮೇಲ್ತುದಿಯಲ್ಲಿ ಕಲ್ಲಿನ ಗೋಡೆ, ಬೆಟ್ಟ. ಕೆಳತುದಿಯಲ್ಲಿ ಪ್ರಪಾತ. ಸಾಮಾನ್ಯ ನಿಲ್ದಾಣದಲ್ಲಿ ಇಳಿತ ಸರಿಯಾಗದಿದ್ದರೆ ಪೈಲಟ್ ಎಂಜಿನ್ ಜೋರು ಮಾಡಿ ಮೇಲೇರಿ ಮತ್ತೊಮ್ಮೆ ಬರಬಹುದು. ಲುಕ್ಲಾದಲ್ಲಿ ಒಂದು ಹಂತ ದಾಟಿದ ಮೇಲೆ ಆ ಆಯ್ಕೆಯಿಲ್ಲ, ಇಳಿಯಲೇಬೇಕು. ಏರುರನ್‌ವೇ ಇನ್ನೊಂದು ಭ್ರಮೆಯನ್ನೂ ಹುಟ್ಟಿಸುತ್ತದೆ: ತಾನು ತುಂಬ ಎತ್ತರದಲ್ಲಿದ್ದೇನೆ ಎಂದು ಪೈಲಟ್‌ಗೆ ಅನಿಸಿ, ಬೇಕಾದುದಕ್ಕಿಂತ ಕೆಳಗೆ ಬರುತ್ತಾನೆ. 2008ರ ಅಕ್ಟೋಬರ್ 8ರಂದು ಯೇತಿ ಏರ್‌ಲೈನ್ಸಿನ ಟ್ವಿನ್ ಆಟರ್ ಮಂಜಿನಲ್ಲಿ ಬಂದು ರನ್‌ವೇಗಿಂತ ಕೆಳಗೆ ಬೆಟ್ಟಕ್ಕೆ ಬಡಿದಾಗ 18 ಮಂದಿ ಸತ್ತರು. ಉಳಿದವರು ಕ್ಯಾಪ್ಟನ್ ಒಬ್ಬರೇ.

ಇಳಿಯಲು ಒಂದೇ ದಿಕ್ಕಿರುವುದು ಲೇಹದ ಕಥೆಯೂ ಹೌದು. ಶಿಮ್ಲಾದ ಜುಬ್ಬರ್‌ಹಟ್ಟಿಯಲ್ಲಿ ಬೆಟ್ಟದ ತಲೆ ಕಡಿದು ಮಾಡಿದ ರನ್‌ವೇ ಸುಮಾರು 1,200 ಮೀಟರ್. ಅಲ್ಲಿಗೆ ಹೋಗುವ ಎಟಿಆರ್ ವಿಮಾನ ಸೀಟುಗಳನ್ನು ಖಾಲಿ ಬಿಟ್ಟೇ ಹೊರಡಬೇಕಾಗುತ್ತದೆ. ತಲೆ ಕಡಿದ ಬೆಟ್ಟದ ರನ್‌ವೇ ಕನ್ನಡಿಗರಿಗೆ ಹೊಸದಲ್ಲ: 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ಬೋಯಿಂಗ್ 737 ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತದ್ದನ್ನು ಕರಾವಳಿ ಮರೆತಿಲ್ಲ. ಅದು ದೊಡ್ಡ ವಿಮಾನ, ಸುಸಜ್ಜಿತ ನಿಲ್ದಾಣ. ರನ್‌ವೇಯ ಕೊನೆಯಲ್ಲಿ ನೆಲವೇ ಮುಗಿಯುವ ಜಾಗದಲ್ಲಿ ತಡವಾಗಿ ಚಕ್ರ ಊರಿದ ತಪ್ಪಿಗೆ ವಿಮಾನದ ಗಾತ್ರ ನೋಡಿ ರಿಯಾಯಿತಿ ಸಿಗುವುದಿಲ್ಲ.

ಸಣ್ಣ ಏರ್‌ಸ್ಟ್ರಿಪ್‌ಗಳಲ್ಲಿ ಇನ್ನೂ ಕೆಲವು ತೊಡಕುಗಳಿವೆ: ದನ, ನಾಯಿ, ಒದ್ದೆ ಹುಲ್ಲು, ಮಳೆಯಲ್ಲಿ ಕಿತ್ತುಬಂದ ಜಲ್ಲಿ, ಕಣಿವೆಗೆ ಅಡ್ಡವಾಗಿ ಎಳೆದ ವಿದ್ಯುತ್ ತಂತಿ. ತಂತಿಯೊಂದು ಬಿಟ್ಟರೆ ಉಳಿದವು ಇಳಿಯುವ ಮುನ್ನ ಮೇಲಿಂದ ಒಂದು ಸುತ್ತು ಹಾಕಿ ನೋಡಿದರೆ ಕಾಣುತ್ತವೆ.

ಮೋಡ ಮುಚ್ಚಿದಾಗ

ಬೆಟ್ಟದಲ್ಲಿ ಮೋಡ ಬರುವುದಷ್ಟೇ ಅಲ್ಲ, ಹುಟ್ಟುತ್ತದೆ. ಏರುವ ಗಾಳಿ ತಣಿದು ಕಣ್ಣೆದುರೇ ಮೋಡವಾಗುತ್ತದೆ. ಹೊರಡುವಾಗ ತೆರೆದಿದ್ದ ಕಣಿವೆದಾರಿ ತಲುಪುವಷ್ಟರಲ್ಲಿ ಮುಚ್ಚಿರುತ್ತದೆ, ಹಿಂದಿನದೂ ಮುಚ್ಚುತ್ತಿರುತ್ತದೆ. ಕಣ್ಣಳತೆಯಲ್ಲಿ ಹಾರುವ ಪೈಲಟ್ ಮೋಡದೊಳಗೆ ಹೊಕ್ಕರೆ ದಿಗಂತ ಹೋಗುತ್ತದೆ, ಒಳಗಿವಿ ಸುಳ್ಳು ಹೇಳತೊಡಗುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ಸಲಕರಣೆ ನೋಡಿ ಹಾರುವ ತರಬೇತಿ ಇಲ್ಲದ 20 ಪೈಲಟ್‌ಗಳನ್ನು ಇಂಥ ಸ್ಥಿತಿಗೆ ಒಡ್ಡಿ ನೋಡಿತು. ಅವರು ಹತೋಟಿ ಕಳೆದುಕೊಳ್ಳಲು ಹಿಡಿದ ಸರಾಸರಿ ಕಾಲ 178 ಸೆಕೆಂಡು. ಇಪ್ಪತ್ತರಲ್ಲಿ ಒಬ್ಬರೂ ಪಾರಾಗಲಿಲ್ಲ.

ಪುಣೆಯ ಪಶ್ಚಿಮದ ಕಣಿವೆಗಳಲ್ಲಿ 2024ರಲ್ಲಿ ಎರಡು ತಿಂಗಳೊಳಗೆ ಎರಡು ಹೆಲಿಕಾಪ್ಟರ್‌ಗಳು ಬಿದ್ದವು. ಆಗಸ್ಟ್ 24ರಂದು ಮುಳಶಿ ತಾಲೂಕಿನ ಪೌಡ್ ಬಳಿ ಬಿದ್ದದ್ದರಲ್ಲಿ ನಾಲ್ವರೂ ಬದುಕಿದರು. ಅಕ್ಟೋಬರ್ 2ರ ಬೆಳಿಗ್ಗೆ ಬಾವಧನ್‌ನ ಗಾಲ್ಫ್ ಮೈದಾನದ ಹೆಲಿಪ್ಯಾಡಿನಿಂದ ಮುಂಬಯಿಯ ಜುಹುಗೆ ಹೊರಟದ್ದು ಮಂಜಿನಲ್ಲಿ ಕೆಲವೇ ನಿಮಿಷಗಳಲ್ಲಿ ಬಿದ್ದು, ಇಬ್ಬರು ಪೈಲಟ್‌ಗಳೂ ಒಬ್ಬ ಎಂಜಿನಿಯರೂ ಸತ್ತರು. ಹೆಲಿಕಾಪ್ಟರಿಗೆ ರನ್‌ವೇ ಬೇಡ, ಬೇಕೆಂದಲ್ಲಿ ನಿಲ್ಲಬಲ್ಲದು. ಆದರೂ ಬೆಟ್ಟದ ಮೋಡದ ಮುಂದೆ ಅದರ ಸ್ಥಿತಿ ಸಣ್ಣ ವಿಮಾನಕ್ಕಿಂತ ಬೇರೆಯಲ್ಲ. 2021ರ ಡಿಸೆಂಬರ್ 8ರಂದು ನೀಲಗಿರಿಯ ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಸಹಿತ 14 ಮಂದಿಯನ್ನು ಬಲಿತೆಗೆದುಕೊಂಡ ಎಂಐ-17 ಅಪಘಾತದ ತನಿಖೆಯೂ ಇದನ್ನೇ ಹೇಳಿತು: ಕಣಿವೆಯ ಹವಾಮಾನ ಅನಿರೀಕ್ಷಿತವಾಗಿ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿತು, ಪೈಲಟ್‌ಗೆ ದಿಕ್ಕು ತಪ್ಪಿ ಬೆಟ್ಟಕ್ಕೆ ಬಡಿಯಿತು. ಯಂತ್ರದೋಷವೂ ಇಲ್ಲ, ವಿಧ್ವಂಸಕ ಕೃತ್ಯವೂ ಇಲ್ಲ.

2022ರ ಮೇ 29ರಂದು ಪೋಖರಾದಿಂದ ಜೋಮ್ಸಮ್‌ಗೆ ಹೊರಟ ತಾರಾ ಏರ್‌ನ ಟ್ವಿನ್ ಆಟರ್‌ನಲ್ಲಿದ್ದ 22 ಮಂದಿಯೂ ಸತ್ತರು. ನಾಲ್ವರು ಮಹಾರಾಷ್ಟ್ರದ ಒಂದೇ ಕುಟುಂಬದವರು. ಇಪ್ಪತ್ತು ನಿಮಿಷದ ದಾರಿ ಅದು. ಅರುಣಾಚಲದ ಮೆಚುಕಾಗೆ ಜೋರ್ಹಾಟ್‌ನಿಂದ 2019ರ ಜೂನ್ 3ರಂದು ಹೊರಟ ವಾಯುಪಡೆಯ ಎಎನ್-32 ಸಾಗಣೆ ವಿಮಾನ ಕಣ್ಮರೆಯಾಗಿ, ಅವಶೇಷ ಕಂಡದ್ದು ಎಂಟು ದಿನಗಳ ಮೇಲೆ, ಹನ್ನೆರಡು ಸಾವಿರ ಅಡಿಯ ಕಾಡುಬೆಟ್ಟದಲ್ಲಿ. ಅದರಲ್ಲಿದ್ದವರು 13 ಮಂದಿ. ಅದಕ್ಕೂ ಹತ್ತು ವರ್ಷ ಮುಂಚೆ, 2009ರ ಜೂನ್‌ನಲ್ಲಿ, ಮೆಚುಕಾ ದಾರಿಯಲ್ಲೇ ಇನ್ನೊಂದು ಎಎನ್-32 ಬಿದ್ದಾಗ ಸತ್ತವರೂ 13 ಮಂದಿಯೇ.

ಹೊರಡುವ ಒತ್ತಡ

ತನಿಖಾ ವರದಿಗಳು ‘ಪೈಲಟ್ ತಪ್ಪು’ ಎಂದು ಬರೆದು ಮುಗಿಸುವಾಗ ಆ ಪೈಲಟ್ ಯಾಕೆ ಹೊರಟ ಎಂಬ ಪ್ರಶ್ನೆ ಹಿಂದೆಯೇ ಉಳಿಯುತ್ತದೆ. ಜುಹುದಲ್ಲೋ ಲೋಹಗಾಂವಿನಲ್ಲೋ ಬಾಡಿಗೆ ವಿಮಾನಕ್ಕೆ ಕಾದವರು ಸಾಮಾನ್ಯವಾಗಿ ಕಾಯುವ ಅಭ್ಯಾಸ ಇಲ್ಲದವರು: ಉದ್ಯಮಿಗಳು, ಸಿನಿಮಾದವರು, ಚುನಾವಣೆಯ ಸಭೆಗೆ ಹೊರಟ ನಾಯಕರು. ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ 2009ರ ಸೆಪ್ಟೆಂಬರ್ 2ರಂದು ನಲ್ಲಮಲದ ಕಾಡುಬೆಟ್ಟದಲ್ಲಿ, ಅರುಣಾಚಲದ ಮುಖ್ಯಮಂತ್ರಿ ದೋರ್ಜಿ ಖಂಡು 2011ರ ಏಪ್ರಿಲ್ 30ರಂದು ತವಾಂಗ್ ಸೀಮೆಯಲ್ಲಿ ಸತ್ತದ್ದು ಹೆಲಿಕಾಪ್ಟರ್ ಅಪಘಾತಗಳಲ್ಲಿ. ನೇಪಾಳದಲ್ಲಿ ಈ ಒತ್ತಡದ ರೂಪ ಬೇರೆ: ಬೆಳಗಿನ ನಾಲ್ಕೈದು ತಾಸಿನ ತೆರವಿನಲ್ಲೇ ದಿನದ ಎಲ್ಲ ಹಾರಾಟ ಮುಗಿಯಬೇಕು, ತಡವಾದರೆ ಚಾರಣಿಗರು ನಾಳೆಗೆ ಉಳಿಯುತ್ತಾರೆ, ಕಂಪನಿಗೆ ನಷ್ಟ. ಮುಂದೆ ಹೋದ ವಿಮಾನ ಇಳಿಯಿತೆಂದರೆ ಹಿಂದಿನವನೂ ಹೊರಡುತ್ತಾನೆ. ನನ್ನ ದೃಷ್ಟಿಯಲ್ಲಿ ಬೆಟ್ಟದ ಹಾರಾಟದ ಸುರಕ್ಷತೆಯನ್ನು ಅಳೆಯಬೇಕಾದುದು ಪೈಲಟ್‌ಗಳ ಕೈಚಳಕದಿಂದಲ್ಲ, ಹಾರಾಟ ರದ್ದು ಮಾಡಿದ ಪೈಲಟ್‌ಗೆ ಅವನ ಕಂಪನಿ ಸಂಜೆ ಏನು ಹೇಳುತ್ತದೆ ಎಂಬುದರಿಂದ.

ಕಾವಲಿನ ಕ್ರಮಗಳು

ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಲೇಹ, ಕುಲ್ಲು, ಶಿಮ್ಲಾದಂಥ ನಿಲ್ದಾಣಗಳಿಗೆ ವಿಶೇಷ ತರಬೇತಿ ಪಡೆದ ಕ್ಯಾಪ್ಟನ್‌ಗಳು ಮಾತ್ರ ಹೋಗಬೇಕೆಂದು ಕಟ್ಟುಪಾಡು ಮಾಡಿದೆ. ವಿಮಾನದ ಆಯ್ಕೆಯೂ ಮುಖ್ಯ. ಕಾನ್ಪುರದ ಎಚ್‌ಎಎಲ್ ಘಟಕ ತಯಾರಿಸುವ ಡಾರ್ನಿಯರ್ 228 ಗಿಡ್ಡ ರನ್‌ವೇಗಳಿಗೆ ಹೇಳಿ ಮಾಡಿಸಿದ್ದು. 2022ರ ಏಪ್ರಿಲ್ 12ರಂದು ಅಲಯನ್ಸ್ ಏರ್ ಅದನ್ನು ದಿಬ್ರುಗಢದಿಂದ ಪಾಸಿಘಾಟ್‌ಗೆ ಹಾರಿಸಿ ನಾಗರಿಕ ಸೇವೆ ಆರಂಭಿಸಿತು. ಬೆಂಗಳೂರಿನ ಎನ್‌ಎಎಲ್ ಇದೇ ಅಗತ್ಯಕ್ಕೆಂದು ರೂಪಿಸಿದ ಸರಸ್ ವಿಮಾನ 2004ರಲ್ಲಿ ಹಾರಿತು, 2009ರ ಮಾರ್ಚ್ 6ರಂದು ಬಿಡದಿಯ ಬಳಿ ಬಿದ್ದು ವಾಯುಪಡೆಯ ಮೂವರು ಪರೀಕ್ಷಾ ಹಾರಾಟಗಾರರನ್ನು ಕಳೆದುಕೊಂಡಿತು. ಸಾಲುಸಾಲು ಬೆಟ್ಟವಿರುವ ದೇಶಕ್ಕೆ ತನ್ನದೇ ವಿನ್ಯಾಸದ ಸಣ್ಣ ಪ್ರಯಾಣಿಕ ವಿಮಾನ ಇನ್ನೂ ಸೇವೆಗೆ ಬಂದಿಲ್ಲ.

ಮುಂದೆ ನೆಲವಿದೆ ಎಂದು ಕೂಗಿ ಎಚ್ಚರಿಸುವ ಯಂತ್ರ ದೊಡ್ಡ ವಿಮಾನಗಳಲ್ಲಿ ಅರಿವಿಲ್ಲದೆ ನೆಲಕ್ಕೆ ಬಡಿಯುವ ಅಪಘಾತಗಳನ್ನು ಗಣನೀಯವಾಗಿ ತಗ್ಗಿಸಿತು. ಬೆಟ್ಟಕ್ಕೆ ಹೋಗುವ ಹಳೆಯ ಸಣ್ಣ ವಿಮಾನಗಳೆಲ್ಲದರಲ್ಲೂ ಅದು ಇರುವುದಿಲ್ಲ, ಇದ್ದರೂ ಕಿರಿದಾದ ಕಣಿವೆಯಲ್ಲಿ ಬೇಡವೆಂದು ಆರಿಸಿಬಿಡುವ ಪೈಲಟ್‌ಗಳಿದ್ದಾರೆ. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ‘ಗಗನ್’ ವ್ಯವಸ್ಥೆ ಜಿಪಿಎಸ್ ಸಂಕೇತವನ್ನು ತಿದ್ದಿ, ನೆಲದ ಮೇಲೆ ದುಬಾರಿ ಸಲಕರಣೆ ಇಲ್ಲದ ನಿಲ್ದಾಣಗಳಲ್ಲೂ ಮೋಡದ ನಡುವಿನಿಂದ ದಾರಿ ತೋರಬಲ್ಲದು. ಅದರ ನಿಯಂತ್ರಣ ಕೇಂದ್ರ ಬೆಂಗಳೂರಿನಲ್ಲಿದೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಎಟಿಆರ್ ವಿಮಾನವೊಂದು ಅದನ್ನು ಬಳಸಿ ಇಳಿಯಿತು. ಸಹ್ಯಾದ್ರಿಯ ಮಗ್ಗುಲಿನ ನಿಲ್ದಾಣಗಳಿಗೆ ಮಳೆಗಾಲದಲ್ಲಿ ಇದಕ್ಕಿಂತ ಉಪಯುಕ್ತ ಸಲಕರಣೆ ಬೇರೊಂದು ತೋರುವುದಿಲ್ಲ.

ಬಿದ್ದ ಮೇಲಿನ ಮಾತೂ ಒಂದಿದೆ. ವಿಮಾನ ಅಪ್ಪಳಿಸಿದಾಗ ತಾನಾಗಿ ಕೂಗುವ ತುರ್ತು ಬೀಕನ್ ಎಲ್ಲಿ ಹುಡುಕಬೇಕೆಂದು ಹೇಳುತ್ತದೆ. ಹಳೆಯ 121.5 ಮೆಗಾಹರ್ಟ್ಸ್ ಬೀಕನ್‌ಗಳ ಕೂಗನ್ನು ಉಪಗ್ರಹಗಳು 2009ರ ಫೆಬ್ರವರಿ 1ರಿಂದ ಕೇಳುವುದನ್ನು ನಿಲ್ಲಿಸಿವೆ. 406 ಮೆಗಾಹರ್ಟ್ಸ್ ಬೀಕನ್ ಇದ್ದರೆ ಅದರ ಸಂಕೇತ ಉಪಗ್ರಹದ ಮೂಲಕ ಬೆಂಗಳೂರಿನಲ್ಲಿ ಇಸ್ರೊದ ಇಸ್ಟ್ರ್ಯಾಕ್‌ನಲ್ಲಿರುವ ಕೇಂದ್ರಕ್ಕೆ ಬರುತ್ತದೆ, ಅಲ್ಲಿಂದ ಆಯಾ ಪ್ರದೇಶದ ರಕ್ಷಣಾ ಸಮನ್ವಯ ಕೇಂದ್ರಕ್ಕೆ ಹೋಗುತ್ತದೆ. ಬೀಕನ್ನನ್ನು ಮುಂಚೆಯೇ ನೋಂದಾಯಿಸಿದ್ದರೆ ಯಾವ ವಿಮಾನ, ಯಾರದ್ದು ಎಂಬುದೂ ಅಲ್ಲಿನ ತೆರೆಯ ಮೇಲೆ ಕಾಣುತ್ತದೆ.